ವೇದವತಿಯ ಅಂಕಕ್ಕೆ ಬಂದ ಸೂತಕ

ಮನುಷ್ಯರು ಸತ್ತಾಗ ಸಾಂತ್ವನ ಹೇಳಲು ಹೋಗಿದ್ದೇನೆ. ಕೆಲಸ ಕಳೆದುಕೊಂಡವರ ಮನೆಗೆ ಹೋಗಿದ್ದೇನೆ. ಒಮ್ಮೆ ಕಟ್ಟಡದ ಪಕ್ಕದ ಮೆಟ್ಟಿಲ ಸಾಲಿನವರ ಬೆಕ್ಕು ಸತ್ತಾಗಲೂ ಹೂವು ಹಿಡಿದುಕೊಂಡು ಹೋಗಿದ್ದೇನೆ, ಸ್ವೀಡನ್ನಿನಲ್ಲಿ ಅದೂ ಒಂದು ಮರ್ಯಾದೆ. ಆದರೆ ಇನ್ನೂ ನಡೆಯದ ಪರೀಕ್ಷೆಯ ಇನ್ನೂ ಬಾರದ ಅಂಕಕ್ಕೆ ಜನ ಬಂದು ಸೋಫಾದ ತುದಿಯಲ್ಲಿ ಕೂತು, ತಲೆ ತಗ್ಗಿಸಿ, "ಏನ್ ಮಾಡಕ್ಕಾಗತ್ತೆ, ಎಲ್ಲಾ ಅವನ ಇಚ್ಛೆ" ಅಂದದ್ದನ್ನು ನಾನು ಕಂಡದ್ದು ಒಂದೇ ಮನೆಯಲ್ಲಿ. ಅದು ಸೋಡರ್‌ಟೆಲ್ಯೆಯ ನಮ್ಮ ಕಟ್ಟಡದ ಮೂರನೇ ಮಹಡಿಯ ಲಿಂಗರಾಜನ ಮನೆ. ಇಸವಿ ಎರಡು ಸಾವಿರದ ಹದಿನಾರು. ನಾನಿರುವುದು ಅದೇ ಕಟ್ಟಡದ ಒಂದನೇ ಮಹಡಿಯಲ್ಲಿ. ನಿವಾಸಿಗಳ ಸಂಘದ ಆಡಳಿತ ಮಂಡಳಿಯಲ್ಲೂ ಇದ್ದೇನೆ. ಹೀಗಾಗಿ ಮೇಲೆ ನಡೆದದ್ದೂ ಗೊತ್ತು, ನೆಲಮಾಳಿಗೆಯಲ್ಲಿ ನಡೆದದ್ದೂ ಗೊತ್ತು. ಫೋನಿಗೆ ಹೇಳುತ್ತಿದ್ದೇನೆ; ಮಧ್ಯೆ ಕೆಮ್ಮಿದರೆ ಸಹಿಸಿಕೊಳ್ಳಿ.

ಲಿಂಗರಾಜ ಲಾರಿ ಕಾರ್ಖಾನೆಯಲ್ಲಿ ಎಂಜಿನಿಯರ್. ದಾವಣಗೆರೆ ಕಡೆಯವನು. ಕೆಟ್ಟವನಲ್ಲ, ಕೆಟ್ಟವನಾಗಲು ಬೇಕಾದಷ್ಟು ಏಕಾಗ್ರತೆ ಅವನಲ್ಲಿಲ್ಲ. ಬಸ್ಸಿನಲ್ಲಿ ಕೂತು ಕಾರಿನ ಕೀಲಿ ಹುಡುಕುವ ಜಾತಿ. ಅವನ ಹೆಂಡತಿ ವೇದವತಿ ತದ್ವಿರುದ್ಧ. ಅವಳದು ಮುನಿಸಿಪಾಲಿಟಿಯವರ ಕೆಲಸ, ಇಲ್ಲಿಯ ಭಾಷೆಯಲ್ಲಿ ಕೊಮ್ಮೂನ್ ಅನ್ನುತ್ತಾರೆ. ಒಂಟಿ ಮುದುಕರ ಮನೆಗೆ ಹೋಗಿ ಎಬ್ಬಿಸಿ, ಮುಖ ತೊಳೆಸಿ, ತಿಂಡಿ ಕೊಟ್ಟು ಬರಬೇಕು. ಒಂದು ದಿನ ಲಿಫ್ಟಿನ ಮುಂದೆ ಸಿಕ್ಕವಳು ನನಗೆ ಹೇಳಿದಳು.

"ಅಂಕಲ್, ನಾನು ಅವರನ್ನ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಾತ್‌ರೂಮಿಗೆ ಸಾಗಿಸ್ತೀನಿ ಅಷ್ಟೆ. ಆ ಫಿಸಿಯೋಥೆರಪಿ ಹುಡುಗಿ ಬರ್ತಾಳೆ ನೋಡಿ, ಅದೇ ಮುದುಕರನ್ನ ನಡೆಸಿಬಿಡ್ತಾಳೆ. ನಂಗೆ ಸಾಗಿಸಿ ಸಾಕಾಗಿದೆ. ನಡೆಸೋದು ಕಲೀಬೇಕು."

ನಲವತ್ತೆರಡನೆಯ ವಯಸ್ಸಿನಲ್ಲಿ ಇದು ದೊಡ್ಡ ಮಾತು. ಅವಳ ಪಿಯುಸಿ ಅಂಕವನ್ನು ಇಲ್ಲಿಯ ಲೆಕ್ಕಕ್ಕೆ ಇಳಿಸಿದಾಗ ಸೀಟಿಗೆ ಸಾಲಲಿಲ್ಲ. ಉಳಿದ ಬಾಗಿಲು ಒಂದೇ, ಇಲ್ಲಿಯ ಪ್ರವೇಶ ಪರೀಕ್ಷೆ. ಒಂದು ಶನಿವಾರ ಬೆಳಗಿನಿಂದ ಸಂಜೆಯವರೆಗೆ ಬರೆಯುವುದು, ಅರ್ಧ ಗಣಿತ, ಅರ್ಧ ಭಾಷೆ. ಪೂರ್ಣಾಂಕ ಎರಡು. ನೂರಲ್ಲ, ಇನ್ನೂರಲ್ಲ, ಎರಡು. ಅವಳು ಬಯಸಿದ ಸೀಟು ಹಿಂದಿನ ವರ್ಷ ಒಂದು ಪಾಯಿಂಟ್ ಎರಡರ ಆಸುಪಾಸಿನಲ್ಲಿ ಸಿಕ್ಕಿತ್ತು. ಅತ್ತ ಕೊಮ್ಮೂನಿನವರು ಅವಳಿಗೆ ಮೇಲ್ವಿಚಾರಕಿಯ ಖಾಯಂ ಕೆಲಸ ಕೊಡುತ್ತೇವೆಂದು ಕೂತಿದ್ದರು, ಬೇಸಿಗೆಯೊಳಗೆ ಹೂಂ ಅನ್ನಬೇಕು. ಹೂಂ ಅಂದರೆ ಓದಿನ ಕಥೆ ಮುಗಿಯಿತು. ಆದ್ದರಿಂದ ಅವಳಿಗೆ ಇದ್ದದ್ದು ಏಪ್ರಿಲ್ ತಿಂಗಳ ಆ ಒಂದು ಶನಿವಾರ.

ಜನವರಿಯಲ್ಲಿ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಮೊದಲ ಅಭ್ಯಾಸ ಪರೀಕ್ಷೆ ಬರೆದಳು. ಗಂಡ ಆ ದಿನ ಮನೆಯಲ್ಲಿರಲಿಲ್ಲ, ಟೈರು ಬದಲಾಯಿಸಲು ಹೋಗಿದ್ದ. ಒಂದು ಪಾಯಿಂಟ್ ಮೂರೈದು ಬಂತು.

ಆ ವಾರ ಸಂಕ್ರಾಂತಿಯ ಸಮಾರಂಭ. ಎಳ್ಳುಬೆಲ್ಲದ ತಟ್ಟೆ ಹಿಡಿದು ನಿಂತ ಲಿಂಗರಾಜ, ಕೇಳಿದವರಿಗೂ ಕೇಳದವರಿಗೂ ಹೇಳಿದ. "ನಮ್ಮ ಮನೆಯವ್ರದು ಒನ್ ಪಾಯಿಂಟ್ ತ್ರೀ ಫೈವ್. ಓದೇ ಇಲ್ಲ ಇನ್ನೂ. ಓದಿದ್ರೆ ಎಲ್ಲಿಗೆ ಹೋಗತ್ತೋ." ಮನೆಗೆ ಬರುವಷ್ಟರಲ್ಲಿ ಒಂದು ವಾಟ್ಸಾಪ್ ಗುಂಪನ್ನೇ ಮಾಡಿದ್ದ. ಹೆಸರು 'ವೇದಾ ಟೂ ಪಾಯಿಂಟ್ ಝೀರೋ'. ಇಲ್ಲಿಯ ಕನ್ನಡದವರು, ದಾವಣಗೆರೆಯ ನೆಂಟರು, ನಾನು, ನನ್ನ ಹೆಂಡತಿ ಕುಮುದಾ, ಎಲ್ಲರೂ ಅದರೊಳಗೆ. ಪ್ರತಿ ಭಾನುವಾರ ಅಭ್ಯಾಸ ಪರೀಕ್ಷೆ, ಪ್ರತಿ ಭಾನುವಾರ ಸಂಜೆ ಅಂಕದ ಪ್ರಕಟಣೆ.

ನೀವೇ ಯೋಚಿಸಿ. ಪಕ್ಕದ ಮನೆಯವನ ಸಂಬಳ ಕೇಳುವುದಿರಲಿ, ಅವನು ಎಲ್ಲಿಗೆ ಹೊರಟ ಎಂದು ಕೇಳುವುದೂ ತಪ್ಪೆನ್ನುವ ದೇಶ ಇದು. ಅಲ್ಲಿ ಕೂತು ಹೆಂಡತಿಯ ಅಂಕವನ್ನು ಕ್ರಿಕೆಟ್ ಸ್ಕೋರಿನಂತೆ ಎರಡು ಖಂಡಗಳಿಗೆ ಬಿತ್ತರಿಸಿದ.

ದಾವಣಗೆರೆಯಿಂದ ಅವನ ಅಕ್ಕ ನಳಿನಿ ಮೊದಲ ಧ್ವನಿ ಸಂದೇಶ ಕಳಿಸಿದಳು. "ಲಿಂಗೂ, ಎಷ್ಟಕ್ಕೆ ಎಷ್ಟಪ್ಪಾ? ಎರಡಕ್ಕೆ ಒಂದು ಚಿಲ್ಲರೇನಾ? ಎರಡು ಮಾರ್ಕಿನ ಪರೀಕ್ಷೆಗೆ ಮೂರು ತಿಂಗಳು ಓದ್ಬೇಕಾ ಆಕಿ?"

ಲಿಂಗರಾಜ ಶೇಕಡಾವಾರು ಲೆಕ್ಕ ಹಾಕಿ ಅರವತ್ತೇಳೂವರೆ ಎಂದು ಬರೆದ. ನಳಿನಿ, "ಫಸ್ಟ್ ಕ್ಲಾಸು. ಆದ್ರೂ ಪರವಾಗಿಲ್ಲ" ಅಂದಳು. ಆ 'ಆದ್ರೂ' ಇವನಿಗೆ ತಾಗಿತು. ಹೆಂಡತಿಯ ಓದಿನ ಉಸ್ತುವಾರಿಯನ್ನು ಅವತ್ತೇ ತನ್ನ ಕೈಗೆ ತೆಗೆದುಕೊಂಡ.

ನಮ್ಮ ಕಡೆ ಮನೆಯಲ್ಲಿ ಯಾರಾದರೂ ಪಬ್ಲಿಕ್ ಪರೀಕ್ಷೆಗೆ ಕೂತರೆ ಏನೇನು ನಡೆಯುತ್ತದೆ, ನಿಮಗೆ ಗೊತ್ತೇ ಇದೆ. ಕೇಬಲ್ ತೆಗೆಸುತ್ತಾರೆ, ನೆಂಟರನ್ನು ಬೇಡ ಅನ್ನುತ್ತಾರೆ, ತಾಯಿ ಪಕ್ಕದಲ್ಲೇ ಕೂತು ತೂಕಡಿಸುತ್ತಾಳೆ. ಲಿಂಗರಾಜನಿಗೆ ಅವನ ತಾಯಿ ಮಾಡಿದ್ದಳು. ಈಗ ಅದನ್ನೆಲ್ಲ ಅವನು ವೇದವತಿಗೆ ಮಾಡತೊಡಗಿದ. ಟೀವಿ ಬಂದ್. ಚಪ್ಪಲಿ ಬಂದ್. ಹದಿನೈದು ವರ್ಷದ ಮಗಳು ಅನ್ಯಾ ಸೇಬು ಕಚ್ಚಿ ತಿನ್ನಕೂಡದು, ಹೋಳು ಮಾಡಿಕೊಂಡು ತಿನ್ನಬೇಕು. ಅವನೇ ತುದಿಗಾಲಲ್ಲಿ ನಡೆಯುತ್ತಿದ್ದ. ಅವನ ತೂಕಕ್ಕೆ ಮರದ ನೆಲ ಒಂದೊಂದು ಹೆಜ್ಜೆಗೂ ಹೆರಿಗೆ ನೋವು ಪಟ್ಟಂತೆ ಕಿರುಗುಟ್ಟುತ್ತಿತ್ತು. ಪರೀಕ್ಷೆಯ ನಡುವೆ ಬಾದಾಮಿ ಹಾಲು. ಆರಿತು ಅಂತ ತೆಗೆದುಕೊಂಡು ಹೋಗಿ ಬಿಸಿ ಮಾಡಿ ಮತ್ತೆ ಅದೇ ಬಾದಾಮಿ ಹಾಲು. ಎದುರಿಗೆ ಕುರ್ಚಿ ಹಾಕಿಕೊಂಡು ಪಿಸುಮಾತಿನಲ್ಲಿ, "ವೇದಾ, ಅರ್ಧ ಟೈಮ್ ಹೋಯ್ತು. ಟೆನ್ಶನ್ ಮಾಡ್ಕೋಬೇಡ" ಅನ್ನುವುದು.

ಇದಿಷ್ಟೇ ಆಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಅವನಿಗೆ ಇನ್ನೊಂದು ಅಭ್ಯಾಸ. ಅವಳು ಉತ್ತರಕ್ಕೆ ಗುರುತು ಹಾಕಿದಾಗ ಬಗ್ಗಿ ನೋಡಿ, ತಪ್ಪೆನಿಸಿದರೆ ನಾಲಿಗೆಯಿಂದ 'ಮ್ಚ್' ಅನ್ನುವುದು. ಅವನು ಮ್ಚ್ ಅಂದ ಕೂಡಲೇ ಅವಳು ಅಳಿಸಿ ಬೇರೆಯದಕ್ಕೆ ಗುರುತು ಹಾಕುವಳು. ಅವನ ಸ್ವೀಡಿಷ್ ಎಷ್ಟೆಂದರೆ, ಹತ್ತು ವರ್ಷದಿಂದ ಇಲ್ಲಿದ್ದೂ ಮೊಸರು ಅಂತ ಹುಳಿ ಕ್ರೀಮು ತರುತ್ತಾನೆ.

ಮುಂದಿನ ಭಾನುವಾರ ಒಂದು ಪಾಯಿಂಟ್ ಎರಡು. ಅದರ ಮುಂದಿನ ಭಾನುವಾರ ಒಂದು ಪಾಯಿಂಟ್ ಸೊನ್ನೆ ಐದು. ಗುಂಪಿನಲ್ಲಿ ಮೊದಲು ಕೈಮುಗಿದ ಚಿತ್ರಗಳು ಬಂದವು, ಆಮೇಲೆ ಅಳುವ ಮುಖಗಳು. ಅಂಕ ಇಳಿದಷ್ಟೂ ಲಿಂಗರಾಜನ ಸೇವೆ ಏರಿತು. ಸೇವೆ ಏರಿದಷ್ಟೂ ಅಂಕ ಇಳಿಯಿತು. ಗೇರ್‌ಬಾಕ್ಸ್ ಓದಿದ ಎಂಜಿನಿಯರ್‌ಗೆ ಈ ಎರಡು ಚಕ್ರ ಹಲ್ಲಿಗೆ ಹಲ್ಲು ಕಚ್ಚಿಕೊಂಡು ತಿರುಗುತ್ತಿರುವುದು ಕಾಣಲಿಲ್ಲ.

ಎರಡನೆಯ ಇಳಿತಕ್ಕೆ ಮನೆಗೆ ಜನ ಬರಲು ಶುರು ಮಾಡಿದರು. ಮೊದಲು ಬಂದವರು ಪಕ್ಕದ ಮೆಟ್ಟಿಲಿನ ಜೆರಾಲ್ಡ್ ಮತ್ತು ಫ್ಲೇವಿಯಾ, ಮಂಗಳೂರಿನವರು. ಫ್ಲೇವಿಯಾ ಒಂದು ದೊಡ್ಡ ಪಾತ್ರೆ ತುಂಬ ಗಂಜಿ, ಜೊತೆಗೆ ಚಟ್ನಿ ತಂದಿದ್ದಳು.

"ಇದೆಂತಕ್ಕೆ ತೊಂದರೆ ತಗೊಂಡ್ರಿ?" ಅಂತ ವೇದವತಿ ಕೇಳಿದಳು.

"ತೊಂದರೆ ಎಂತದು ಮಾರಾಯ್ತಿ. ದುಃಖದ ಮನೆಯಲ್ಲಿ ಒಲೆ ಹಚ್ಚಬಾರದು."

ನಾನೂ ಕುಮುದಾಳೂ ಅಲ್ಲೇ ಇದ್ದೆವು. ಜೆರಾಲ್ಡ್ ವರ್ಷಕ್ಕೆ ನಾಲ್ಕು ಮಾತಾಡುವ ಮನುಷ್ಯ. ಅವತ್ತು ಗಂಟಲು ಸರಿಮಾಡಿಕೊಂಡು, "ನಮ್ಮ ತಂಗಿಯ ಮಗ ಕೆವಿನ್. ಲುಂಡಲ್ಲಿ ಓದಲಿಕ್ಕೆ ಅಂತ ಇದೇ ಪರೀಕ್ಷೆ ಬರೆದ. ಅವನದ್ದೂ ಹೀಗೇ ಬೀಳ್ತಾ ಬಂತು" ಅಂದರು.

ಲಿಂಗರಾಜ ಆಸೆಯಿಂದ ಮುಂದಕ್ಕೆ ಬಾಗಿದ. "ಆಮೇಲೆ ಏರಿತಾ?"

"ಇಲ್ಲ" ಅಂದರು ಜೆರಾಲ್ಡ್. "ಈಗ ಅವ ಸೈಕಲ್ ರಿಪೇರಿ ಮಾಡ್ತಾನೆ. ಲುಂಡಲ್ಲೇ. ಒಳ್ಳೆ ಹುಡುಗ."

ಎಲ್ಲರೂ ಕೆವಿನ್ನನಿಗಾಗಿ ಒಂದು ನಿಮಿಷ ಮೌನವಾಗಿದ್ದರು. ವೇದವತಿ ಎದ್ದು ಅಷ್ಟೂ ಜನಕ್ಕೆ ಕಾಫಿ ಮಾಡಿದಳು. ಅವರು ಹೋದ ಮೇಲೆ ಇನ್ನಿಬ್ಬರು ಬಂದರು, ಅವರಿಗೂ ಮಾಡಿದಳು. ಓದಲು ಇಟ್ಟುಕೊಂಡಿದ್ದ ಶನಿವಾರ ಪೂರ್ತಿ ದುಃಖಿತರಿಗೆ ಸಕ್ಕರೆ ಎಷ್ಟು ಎಂದು ಕೇಳುವುದರಲ್ಲೇ ಹೋಯಿತು. ಮರುದಿನದ ಅಂಕ ಸೊನ್ನೆ ಪಾಯಿಂಟ್ ಒಂಬತ್ತು.

ಅದಾದ ಮೇಲೆಯೇ ಅವಳು ಬಟ್ಟೆ ಒಗೆಯಲು ಶುರು ಮಾಡಿದ್ದು.

ಇಲ್ಲಿಯ ಪದ್ಧತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಟ್ಟಡದಲ್ಲಿ ಮನೆಮನೆಗೂ ವಾಷಿಂಗ್ ಮೆಷಿನ್ ಇಲ್ಲ. ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದು ಒಗೆಯುವ ಕೋಣೆ. ಗೋಡೆಯ ಹಲಗೆಯಲ್ಲಿ ನಿಮ್ಮ ಮನೆಯ ಪುಟ್ಟ ಬೀಗವನ್ನು ಒಂದು ಹೊತ್ತಿಗೆ ಸಿಕ್ಕಿಸಿದರೆ ಆ ಮೂರು ಗಂಟೆ ಕೋಣೆ ನಿಮ್ಮದು. ರಾಜ ಬಂದರೂ ಒಳಗೆ ಕಾಲಿಡುವಂತಿಲ್ಲ. ಈ ದೇಶದಲ್ಲಿ ದೇವಸ್ಥಾನದ ಗರ್ಭಗುಡಿಗೆ ಸಮನಾದದ್ದು ಯಾವುದಾದರೂ ಇದ್ದರೆ ಅದು ಇನ್ನೊಬ್ಬರು ಕಾಯ್ದಿರಿಸಿದ ಒಗೆಯುವ ಹೊತ್ತು. ಆದರೆ ಬೀಗ ಹಾಕಿ ಮೆಷಿನ್ ಶುರು ಮಾಡದೆ ಅರ್ಧ ಗಂಟೆ ಬಿಟ್ಟರೆ ಹೊತ್ತು ಕೈತಪ್ಪುತ್ತದೆ, ಬೇರೆಯವರು ನುಗ್ಗಬಹುದು.

ವೇದವತಿಯ ಬೀಗ ಒಂದು ಹೊತ್ತು ಮುಗಿದ ಕೂಡಲೇ ಮುಂದಿನ ಖಾಲಿ ಹೊತ್ತಿಗೆ ಹೋಗಿ ಕೂರತೊಡಗಿತು. ಸಂಜೆ ಕೆಲಸದಿಂದ ಬಂದವಳು ಬುಟ್ಟಿ ಹೊತ್ತು ಇಳಿಯುವಳು. ಒಗೆಯುವ ಬಟ್ಟೆ ಮುಗಿದಾಗ ಒಗೆದ ಬಟ್ಟೆ ಒಗೆಯುವಳು. ಲಿಂಗರಾಜನ ನೀಲಿ ಅಂಗಿ ಆಕಾಶದ ಬಣ್ಣಕ್ಕೆ ಬಂತು, ಆಮೇಲೆ ಮೋಡದ ಬಣ್ಣಕ್ಕೆ. ಅನ್ಯಾ ತನ್ನ ಉಣ್ಣೆಯ ಸ್ವೆಟರ್ ಹಿಡಿದು ಅಪ್ಪನ ಮುಂದೆ ನಿಂತಳು.

"ಪಪ್ಪಾ, ಸೀರಿಯಸ್ಲಿ. ದಿಸ್ ಈಸ್ ಡಾಗಿಸ್ ಸೈಜ್. ಇದು ಶಿಶುವಿಹಾರದ ಮಕ್ಕಳಿಗೆ ಆಗತ್ತೆ, ನಂಗಲ್ಲ."

"ಅಮ್ಮಂಗೆ ಏನೂ ಅನ್ಬೇಡ ಪುಟ್ಟಾ. ಅವ್ಳು ಟೆನ್ಶನ್ನಲ್ಲಿದಾಳೆ" ಅಂದ ಲಿಂಗರಾಜ, ಮೋಡದ ಬಣ್ಣದ ಅಂಗಿಯಲ್ಲಿ.

ಈ ಒಗೆತವನ್ನು ಮೊದಲು ಗಮನಿಸಿದವಳು ಫ್ಲೇವಿಯಾ. ರೋಗವೇನೆಂದು ಹೇಳಿದವಳು ನನ್ನ ಹೆಂಡತಿ. "ಇದು ಮಡಿ ಹುಚ್ಚು" ಅಂತ ಕುಮುದಾ ತೀರ್ಪು ಕೊಟ್ಟಳು. "ನಮ್ಮ ದೊಡ್ಡತ್ತೆಗೂ ಮಗ ಫೇಲಾದ ವರ್ಷವೇ ಹಿಡಿದಿದ್ದು. ಮೊದಲು ಸೀರೆ, ಆಮೇಲೆ ಹಾಸಿಗೆ, ಕೊನೆಗೆ ಉಪ್ಪನ್ನೂ ತೊಳೆದ್ರು."

"ಉಪ್ಪನ್ನ ತೊಳೆದ್ರೆ ಏನೇ ಉಳಿಯತ್ತೆ?"

"ಅದೇ ನಾನೂ ಹೇಳ್ತಿರೋದು" ಅಂದಳು.

ಸುದ್ದಿ ಮೆಟ್ಟಿಲಿಂದ ಮೆಟ್ಟಿಲಿಗೆ ಹೋಯಿತು, ಅಲ್ಲಿಂದ ದಾವಣಗೆರೆಗೆ. ನಳಿನಿ ಅಲ್ಲಿ ರುದ್ರಾಭಿಷೇಕಕ್ಕೆ ಹೇಳಿದಳು. ಫ್ಲೇವಿಯಾ ಇಲ್ಲಿ ಒಂಬತ್ತು ದಿನದ ಪ್ರಾರ್ಥನೆ ಹಿಡಿದಳು. ಎರಡೂ ದೇವರುಗಳ ಕಡೆಯಿಂದ ಸಾಕಷ್ಟು ಒತ್ತಡವಿದ್ದರೂ ಭಾನುವಾರದ ಅಂಕ ಸೊನ್ನೆ ಪಾಯಿಂಟ್ ಎಂಟೈದಕ್ಕೆ ಇಳಿಯಿತು.

ಅತ್ತ ಸ್ವೀಡಿಷ್ ನೆರೆಹೊರೆಯವರು ಬೇರೆಯೇ ತೀರ್ಮಾನಕ್ಕೆ ಬಂದಿದ್ದರು. ಒಗೆಯುವ ಕೋಣೆಯ ಬಾಗಿಲಿಗೆ ಒಂದು ಚೀಟಿ ಬಿತ್ತು: 'ಪ್ರಿಯ ನೆರೆಯವರೇ, ಈ ಕೋಣೆ ವ್ಯಾಪಾರಕ್ಕಲ್ಲ.' ಕೊನೆಯಲ್ಲಿ ಒಂದು ನಗುವ ಮುಖ. ಈ ದೇಶದಲ್ಲಿ ನಗುವ ಮುಖ ಬರೆದರೆಂದರೆ ಕೋಪ ನೆತ್ತಿಗೇರಿದೆ ಎಂದು ತಿಳಿಯಬೇಕು. ಮೂರನೇ ಮಹಡಿಯವರು ಯಾವುದೋ ಹೋಟೆಲಿನ ಬಟ್ಟೆ ಒಗೆದುಕೊಡುತ್ತಿದ್ದಾರೆ ಎಂಬುದು ಅವರ ಗುಮಾನಿ. ಆಡಳಿತ ಮಂಡಳಿ ಲಿಂಗರಾಜನನ್ನು ಕರೆಸಿತು.

ಆ ಸಭೆಯಲ್ಲಿ ನಾವು ಮೂವರು. ಅಧ್ಯಕ್ಷೆ ಬಿರ್ಗಿತ್, ನಿವೃತ್ತ ಗ್ರಂಥಪಾಲಕಿ, ನಿಯಮಾವಳಿಯನ್ನು ಹಲ್ಲುಜ್ಜುವ ಮೊದಲು ಓದುವವಳು. ಬಾಯ್ಲರ್ ನೋಡಿಕೊಳ್ಳುವ ಸ್ಟುರೆ. ಮತ್ತೆ ನಾನು. ಇಲ್ಲಿ ನೇಣಿಗೆ ಹಾಕುವುದಿದ್ದರೂ ಮೊದಲು ಫಿಕಾ, ಅಂದರೆ ಕಾಫಿ, ದಾಲ್ಚಿನ್ನಿ ಬನ್ನು. ಲಿಂಗರಾಜ ಬನ್ನನ್ನು ಪೂರ್ತಿ ತಿಂದು ಮುಗಿಸುವವರೆಗೆ ಬಿರ್ಗಿತ್ ಕಾದಳು.

"ನಿಮ್ಮ ಮನೆಯಿಂದ ಬಹಳ ಬಟ್ಟೆ ಬರುತ್ತಿದೆ" ಅಂತ ಶುರು ಮಾಡಿದಳು. "ಮೂರು ಜನಕ್ಕೆ ಅಷ್ಟು ಬಟ್ಟೆ ಹೇಗೆ?"

ಲಿಂಗರಾಜ ಕೈಕಟ್ಟಿ ಎದ್ದು ನಿಂತ. ತನ್ನ ಮುರುಕು ಸ್ವೀಡಿಷಿನಲ್ಲಿ, ಬಹಳ ಗಂಭೀರವಾಗಿ ಹೇಳಿದ. "ವ್ಯಾಪಾರ ಇಲ್ಲ ಮೇಡಂ. ನನ್ನ ಹೆಂಡತಿಗೆ ದುಃಖ. ಅವಳ ಅಂಕ ಬಿದ್ದಿದೆ. ಅಂಕ ಬಿದ್ದ ದುಃಖಕ್ಕೆ ಬಟ್ಟೆ ಒಗೆಯುತ್ತಾಳೆ. ನಮ್ಮಲ್ಲಿ ಇದು ಆಗುತ್ತದೆ."

ಬಿರ್ಗಿತ್ ನನ್ನ ಕಡೆ ತಿರುಗಿದಳು. "ಸೋಮಶೇಖರ, ನಿಮ್ಮಲ್ಲಿ ಇದು ಆಗುತ್ತದೆಯೇ?"

ನಾನು ಸುಳ್ಳು ಹೇಳುವವನಲ್ಲ. "ನನ್ನ ಹೆಂಡತಿಯ ದೊಡ್ಡತ್ತೆಗೆ ಆಗಿತ್ತು" ಅಂದೆ.

ಸ್ಟುರೆ ಅದನ್ನು ಸಭೆಯ ನಡಾವಳಿಯಲ್ಲಿ ಬರೆದುಕೊಂಡ. ಮೂವರ ಮುಖದಲ್ಲೂ ಅಪರಾಧ ವಿಚಾರಣೆಯ ಕಳೆ ಹೋಗಿ ಆಸ್ಪತ್ರೆಯ ಕಳೆ ಬಂತು. ಬಿರ್ಗಿತ್ ಮೃದುವಾಗಿ, ಇಂಥ ದುಃಖಕ್ಕೆ ಆರೋಗ್ಯ ಕೇಂದ್ರದಲ್ಲಿ ಮಾತಾಡಲು ಜನ ಇದ್ದಾರೆ, ಗುಂಪಾಗಿ ಕೂತು ಅಳುವ ವ್ಯವಸ್ಥೆಯೂ ಇದೆ ಎಂದು ತಿಳಿಸಿದಳು. ಗುಂಪು ನಮ್ಮ ಹತ್ತಿರವೇ ಇದೆ ಅಂದ ಲಿಂಗರಾಜ. ಕೊನೆಗೆ, ಈಗಲೂ ಅವಳು ಕೆಳಗೇ ಇರುವುದರಿಂದ ಎಲ್ಲರೂ ಹೋಗಿ ಮಾತಾಡಿಸಿ ಬರುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು.

ನಾಲ್ವರೂ ಮೆಟ್ಟಿಲಿಳಿದೆವು. ಶವಯಾತ್ರೆಯಲ್ಲಿ ನಡೆದ ಹಾಗೆ ನಡೆದೆವು.

ಬಾಗಿಲಿನ ಗಾಜಿನಿಂದ ಒಳಗೆ ಕಂಡಿತು. ಮೆಷಿನ್ ಗರಗರ ತಿರುಗುತ್ತಿತ್ತು, ಒಳಗೆ ಒಂದೇ ಒಂದು ಟವೆಲ್ಲು. ಬಟ್ಟೆ ಮಡಚುವ ಮೇಜಿನ ಮೇಲೆ ಬಗ್ಗಿ ವೇದವತಿ ಬರೆಯುತ್ತಿದ್ದಳು. ಕಿವಿಯಲ್ಲಿ ಸದ್ದು ಕೇಳದಂತೆ ತುರುಕಿಕೊಂಡ ಹಳದಿ ಬಣ್ಣದ ಬೆಂಡು, ಎದುರಿಗೆ ಗಡಿಯಾರ. ಮುಖದಲ್ಲಿ ದುಃಖವೂ ಇರಲಿಲ್ಲ, ಮಡಿಯೂ ಇರಲಿಲ್ಲ. ಮೊಳೆ ಹೊಡೆಯುವ ಬಡಗಿಯ ಮುಖವಿತ್ತು. ನಮ್ಮ ನೆರಳು ಬಿದ್ದದ್ದಕ್ಕೆ ತಲೆ ಎತ್ತದೆಯೇ ಎಡಗೈ ಮೇಲೆತ್ತಿ ಅಂಗೈ ತೋರಿಸಿದಳು: ತಡೀರಿ.

ಬಿರ್ಗಿತ್ ಬಾಗಿಲ ಹಿಡಿಕೆಯಿಂದ ಕೈ ತೆಗೆದಳು. ಎಷ್ಟಾದರೂ ಅವಳ ಹೊತ್ತು ಅದು. ಸ್ಟುರೆ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಲಿಂಗರಾಜ ಏನೋ ಹೇಳಲು ಬಾಯಿ ತೆರೆದಾಗ ಇಬ್ಬರು ಸ್ವೀಡಿಷರೂ ಒಟ್ಟಿಗೆ 'ಶ್' ಅಂದರು. ಗಡಿಯಾರ ಕೂಗುವವರೆಗೆ ನಾವು ಕಾರಿಡಾರಿನಲ್ಲಿ ನಿಂತೇ ಇದ್ದೆವು.

ವೇದವತಿ ಪೆನ್ಸಿಲ್ ಕೆಳಗಿಟ್ಟು, ಬೆಂಡು ತೆಗೆದು, ಬಾಗಿಲು ತೆರೆದಳು. ಗಂಡನನ್ನು ನೋಡಿದಳು, ಮಂಡಳಿಯನ್ನು ನೋಡಿದಳು, ವಿಷಯ ಅರ್ಥವಾಯಿತು. ಅವಳ ಸ್ವೀಡಿಷ್ ಚೆನ್ನಾಗಿದೆ. ಬಿರ್ಗಿತ್‌ಗೆ ನೇರವಾಗಿ ಹೇಳಿದಳು.

"ತಪ್ಪು ನನ್ನದು. ಇಲ್ಲಿ ಪರೀಕ್ಷೆ ಬರೆದು ಅಭ್ಯಾಸ ಮಾಡುತ್ತಿದ್ದೇನೆ. ಮೆಷಿನ್ ಓಡದಿದ್ದರೆ ಹೊತ್ತು ಹೋಗುತ್ತದೆ, ಅದಕ್ಕೆ ಒಗೆಯುತ್ತೇನೆ."

"ಎಷ್ಟು ಬರುತ್ತಿದೆ?" ಸ್ಟುರೆಗೆ ತಡೆಯಲಾಗಲಿಲ್ಲ. ಅವನೂ ಮನುಷ್ಯನೇ.

"ಇಲ್ಲಿ ಬರೆದದ್ದು ಯಾವುದೂ ಒಂದು ಪಾಯಿಂಟ್ ಮೂರಕ್ಕಿಂತ ಕೆಳಗಿಲ್ಲ."

ಲಿಂಗರಾಜ ಮೋಡದ ಬಣ್ಣದ ಅಂಗಿಯ ತೋಳು ಮೇಲೇರಿಸಿಕೊಂಡು ಮುಂದೆ ಬಂದ. "ಅಲ್ಲ ವೇದಾ, ಇಲ್ಲಿ ಒನ್ ಪಾಯಿಂಟ್ ತ್ರೀ ಬಂದ್ರೆ ಮನೇಲಿ ಯಾಕೆ ಬೀಳ್ತಿದೆ ಮತ್ತೆ?"

ಎಲ್ಲರೂ ಅವನತ್ತ ತಿರುಗಿದೆವು. ಕನ್ನಡದ ಒಂದಕ್ಷರ ಬಾರದ ಸ್ಟುರೆ ಕೂಡ ಲಿಂಗರಾಜನನ್ನೇ ನೋಡುತ್ತಿದ್ದ.

"ನೀವು ಮ್ಚ್ ಅಂತೀರಿ ಕಣ್ರೀ" ಅಂದಳು ವೇದವತಿ. ಬೈದ ಹಾಗೆ ಅಲ್ಲ. ಹವಾಮಾನ ಹೇಳಿದ ಹಾಗೆ.

"ನಾನಾ? ನಾನ್ಯಾವಾಗ..." ಅಂದವನು ತಲೆ ಅಲ್ಲಾಡಿಸಿ, "ಮ್ಚ್" ಅಂದ.

ಅಂದ ಮೇಲೆ ಅವನಿಗೇ ಕೇಳಿಸಿತು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

"ಬಾಯಿ ಬಿಟ್ಟು ಹೇಳಬಾರದಿತ್ತಾ?" ಅಂತ ನಾನು ಅವಳನ್ನೇ ಗದರಿದೆ.

"ಹೆಂಗೆ ಹೇಳೋದು ಅಂಕಲ್? ಹಾಲು ತಣ್ಣಗಾಯ್ತು ಅಂತ ಎರಡೆರಡು ಸಲ ಬಿಸಿ ಮಾಡ್ಕೊಂಡು ಬರ್ತಾರೆ. ಹಂಗೆ ಬಂದವ್ರಿಗೆ ಆಚೆ ಹೋಗಿ ಅನ್ನೋಕೆ ನಂಗೆ ಬಾಯಿ ಬರಲಿಲ್ಲ. ಒಗೆಯೋದು ಸುಲಭ ಅನ್ನಿಸ್ತು."

ಇಲ್ಲಿಗೆ ಎಲ್ಲರೂ ಕರಗಿ, ಬಿರ್ಗಿತ್ ಕಣ್ಣೊರೆಸಿಕೊಂಡು ಆ ಕೋಣೆಯನ್ನು ವೇದವತಿಗೆ ಬರೆದುಕೊಟ್ಟಳು ಎಂದು ನೀವು ಎಣಿಸಿದರೆ ನಿಮಗೆ ಬಿರ್ಗಿತ್ ಗೊತ್ತಿಲ್ಲ. ಅವಳು ಅಲ್ಲೇ ಕಾರಿಡಾರಿನಲ್ಲಿ ಸಭೆ ಮುಂದುವರಿಸಿದಳು. ಒಗೆಯುವ ಕೋಣೆ ಒಗೆಯುವುದಕ್ಕೆ. ಓದುವುದಕ್ಕೆ ಗ್ರಂಥಾಲಯವಿದೆ. ವೇದವತಿ ಕೆಲಸ ಮುಗಿಸಿ ಬರುವಷ್ಟರಲ್ಲಿ ಗ್ರಂಥಾಲಯ ಮುಚ್ಚಿರುತ್ತದೆ ಎಂದು ನಾನು ವಾದಿಸಿದೆ. ಅದು ತನಗೆ ಗೊತ್ತು, ಮೂವತ್ತು ವರ್ಷ ತಾನೇ ಮುಚ್ಚಿದ್ದೇನೆ ಎಂದಳು. ಅವಳ ಠರಾವು ಇಷ್ಟು: ಮೂರನೇ ಮಹಡಿಯವರ ಬೀಗ ಏಪ್ರಿಲ್ ಮುಗಿಯುವವರೆಗೆ ಹಲಗೆಯ ಮೇಲೆ ಬರಕೂಡದು. ಒಂದು ಮತ ಪರ, ಒಂದು ವಿರೋಧ. ಸ್ಟುರೆ ತಟಸ್ಥ, ಅವರ ದೇಶದ ಸಂಪ್ರದಾಯ ಅದು. ಅಧ್ಯಕ್ಷರ ಮತವೇ ಗೆಲ್ಲಬೇಕೆಂಬುದು ನಿಯಮ.

ಪರೀಕ್ಷೆಗೆ ಇನ್ನು ಕೆಲವೇ ವಾರ. ವೇದವತಿ ಒದ್ದೆ ಟವೆಲನ್ನು ಬುಟ್ಟಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದಳು.

"ಹಂಗಾದ್ರೆ ಒಂದೇ ದಾರಿ ಉಳಿಯೋದು ಅಂಕಲ್. ನಾನು ಮನೇಲಿ ಬರೀತೀನಿ. ಇವ್ರನ್ನ ನೀವಿಟ್ಕೊಳ್ಳಿ."

ಲಿಂಗರಾಜನಿಗೆ ಇದಕ್ಕಿಂತ ಆ ಮಂಡಳಿಯವರು ದಂಡ ಹಾಕಿದ್ದರೆ ಸುಖವಾಗುತ್ತಿತ್ತು. ಆದರೂ ತಲೆಯಾಡಿಸಿದ. ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ.

ಆವತ್ತಿನಿಂದ ಅವಳು ಬರೆಯುವ ಹೊತ್ತಿಗೆಲ್ಲ ಅವನು ನಮ್ಮ ಮನೆಗೆ. ಬಂದವನು ಕೂರುವುದಿಲ್ಲ. "ಈಗ ಎರಡನೇ ಪೇಪರ್ ಶುರುವಾಗಿರುತ್ತೆ" ಅನ್ನುತ್ತಾನೆ. "ಕಾರಿನ ಲೈಟ್ ಆಫ್ ಮಾಡಿದ್ನಾ, ನೋಡ್ಕೊಂಡು ಬರ್ತೀನಿ" ಅಂತ ಏಳುತ್ತಾನೆ. ಫೋನು ತೆಗೆದು ಗುಂಪು ನೋಡುತ್ತಾನೆ. ಕೊನೆಗೆ ಕುಮುದಾ ಅದಕ್ಕೊಂದು ಉಪಾಯ ಮಾಡಿದಳು. ಅವರೆಕಾಳು ನೆನೆಹಾಕಿ ದೊಡ್ಡ ಬೋಗುಣಿಯಲ್ಲಿ ಅವನ ಮುಂದೆ ಇಟ್ಟಳು.

"ಹಿತುಕಪ್ಪಾ ಲಿಂಗರಾಜ."

"ಆಂಟಿ, ಇಷ್ಟೂನಾ?"

"ಇದು ಮೊದಲನೇದು."

ಅವರೆಕಾಳು ಹಿತುಕಲು ಎರಡು ಕೈಯೂ ಬೇಕು, ಮನುಷ್ಯ ಫೋನ್ ಮುಟ್ಟಲಾರ. ಬೇಳೆ ಒಂದು ಕಡೆ, ಸಿಪ್ಪೆ ಒಂದು ಕಡೆ, ನಡುವೆ ಲಿಂಗರಾಜ. ಆ ತಿಂಗಳು ಹಿತುಕಿದ ಬೇಳೆಯ ಸಾರು, ಉಪ್ಪಿಟ್ಟು, ಹುಗ್ಗಿ ತಿಂದು ತಿಂದು ನನ್ನ ಹೊಟ್ಟೆ ನನ್ನ ಮಾತು ಕೇಳುವುದನ್ನೇ ಬಿಟ್ಟಿತು.

ಇಷ್ಟಾದರೂ ಅವನ ಸಂಕಟ ಬೇರೆ ಇತ್ತು. ವೇದವತಿ ಈಗ ಅಂಕ ಹೇಳುವುದನ್ನು ನಿಲ್ಲಿಸಿದ್ದಳು. ಅವನು ಕೇಳಿರಲೂ ಇಲ್ಲ. ಗುಂಪಿನಲ್ಲಿ ಭಾನುವಾರ ಸಂಜೆ ಜನ ಕಾದು ಕೂತರು, ಏನೂ ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಮೌನದಿಂದ ನಮ್ಮ ಜನ ಒಳ್ಳೆಯದನ್ನು ಊಹಿಸಿದ ಉದಾಹರಣೆ ಇತಿಹಾಸದಲ್ಲಿಲ್ಲ. ಸೊನ್ನೆ ಬಂದಿದೆ ಎಂದು ಒಬ್ಬರು. ಸೊನ್ನೆಗಿಂತ ಕೆಳಗೂ ಹೋಗುತ್ತದೆಯೇ ಎಂದು ಇನ್ನೊಬ್ಬರು. ನಳಿನಿ ನನಗೇ ಫೋನ್ ಮಾಡಿ, "ಅಣ್ಣಾರ, ಮುಚ್ಚಿಡಬೇಡ್ರಿ. ನಾವು ಗಟ್ಟಿ ಅದೀವಿ" ಅಂತ ಅತ್ತಳು.

ಪರೀಕ್ಷೆಯ ಹಿಂದಿನ ಶನಿವಾರ ಫ್ಲೇವಿಯಾ ಮತ್ತೆ ಗಂಜಿಯ ಪಾತ್ರೆ ಹೊತ್ತು ಬಂದಳು, ಹಿಂದೆ ಜೆರಾಲ್ಡ್, ಅವರ ಹಿಂದೆ ಇನ್ನೂ ಮೂರು ಮನೆಯವರು. ನಮ್ಮ ಕಿಟಕಿಯಿಂದ ಲಿಂಗರಾಜನಿಗೆ ಕಾಣಿಸಿತು. ಮೇಲೆ ವೇದವತಿ ಬರೆಯುತ್ತಿದ್ದಳು. ಅವರೆಕಾಳಿನ ಕೈಯಲ್ಲೇ ಇಳಿದು ಹೋದ. ನಾನೂ ಹಿಂದೆ ಹೋದೆ. ಕಟ್ಟಡದ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತುಬಿಟ್ಟ.

"ಒಳಗೆ ಬೇಡ ಫ್ಲೇವಿಯಾ."

"ಎಂತ ಆಯ್ತು? ಅಷ್ಟು ಕೆಟ್ಟದಾ?"

"ಗೊತ್ತಿಲ್ಲ."

"ಗಂಡನಿಗೇ ಗೊತ್ತಿಲ್ವಾ?"

"ಇಲ್ಲ. ಕೇಳಿಲ್ಲ ನಾನು."

ಫ್ಲೇವಿಯಾ ಪಾತ್ರೆಯನ್ನು ಗಂಡನ ಕೈಗೆ ಕೊಟ್ಟು ಶಿಲುಬೆಯ ಗುರುತು ಮಾಡಿಕೊಂಡಳು. ಅಂಕ ಬಿದ್ದದ್ದಕ್ಕಿಂತ ಇದು ದೊಡ್ಡ ಅನಾಹುತ ಎಂದು ಅವಳ ಮುಖ ಹೇಳುತ್ತಿತ್ತು. ಹಿಂದಿನಿಂದ ಯಾರೋ, "ಎರಡು ಸಮಾಧಾನದ ಮಾತು ಹೇಳಿ ಹೋಗ್ತೀವಿ ಕಣಪ್ಪಾ, ದೂರದಿಂದ ಬಂದಿದೀವಿ" ಅಂದರು.

"ನಂಗೆ ಹೇಳಿ. ಇಲ್ಲೇ ಹೇಳಿ" ಅಂದ ಲಿಂಗರಾಜ.

ಅವರು ಒಬ್ಬೊಬ್ಬರಾಗಿ ಮುಂದೆ ಬಂದು ಹೇಳಿದರು. ಇವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಮಂಜು ಕರಗಿದ ಮೇಲೂ ಸೋಡರ್‌ಟೆಲ್ಯೆಯ ಗಾಳಿ ಸಣ್ಣದಲ್ಲ, ಇವನು ಮನೆಯ ಚಪ್ಪಲಿಯಲ್ಲಿದ್ದ. ಕೊನೆಯವರಾಗಿ ಬಂದ ಜೆರಾಲ್ಡ್ ಕೈಕುಲುಕಿ ಸುಮ್ಮನೆ ಹೋದರು. ಅವರ ವರ್ಷದ ನಾಲ್ಕು ಮಾತು ಮುಗಿದಿತ್ತು.

ಪರೀಕ್ಷೆಯ ದಿನ ವೇದವತಿ ಒಬ್ಬಳೇ ಬಸ್ಸಿಗೆ ಹೋದಳು. ಅವನು ನಮ್ಮ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಿತುಕಿದ. ಸಂಜೆ ಅವಳು ಬಂದವಳು ಒಂದು ಲೋಟ ನೀರು ಕುಡಿದು, "ಮುಗೀತು" ಅಂದಳು. ಅವನು "ಸರಿ" ಅಂದ. ಆಮೇಲೆ ಇಬ್ಬರೂ ಮೂರನೇ ಮಹಡಿಗೆ ಹೋದರು.

ಫಲಿತಾಂಶ ಬಂತು ಎಂದು ನಮಗೆ ಗೊತ್ತಾದದ್ದು ಪತ್ರಿಕೆಯಿಂದ. ಅಂಕ ಎಷ್ಟೆಂದು ಗೊತ್ತಾಗಲೇ ಇಲ್ಲ. ಬೇಸಿಗೆಯಲ್ಲಿ ವೇದವತಿ ಕೊಮ್ಮೂನಿನ ಮೇಲ್ವಿಚಾರಕಿ ಕೆಲಸಕ್ಕೆ ಬೇಡ ಅಂದಳು. ಆಗಸ್ಟ್ ಕೊನೆಗೆ ಎರಡು ಪೆಟ್ಟಿಗೆ ತೆಗೆದುಕೊಂಡು ಉತ್ತರದ ಉಮೆಯೊ ಊರಿನ ರೈಲು ಹತ್ತಿದಳು, ಫಿಸಿಯೋಥೆರಪಿ ಓದಲು. ಅಪ್ಪ ಮಗಳು ಇಲ್ಲೇ ಉಳಿದರು. ಅನ್ಯಾಳ ಸ್ವೆಟರುಗಳು ಈಗ ಅಪ್ಪನ ಕೈಯಲ್ಲಿ ಒಗೆಸಿಕೊಳ್ಳುತ್ತವೆ. ಅವು ಕುಗ್ಗುವುದು ನಿಂತಿಲ್ಲ.

ಆ ವರ್ಷದ ಗಣೇಶನ ಹಬ್ಬದ ಸಮಾರಂಭದಲ್ಲಿ ಜನ ಲಿಂಗರಾಜನನ್ನು ಸುತ್ತುವರಿದರು. "ಈಗಾದ್ರೂ ಹೇಳು. ಎಷ್ಟು ಬಂತು? ಒಂದೂವರೆ ದಾಟಿತಾ?" ಅವನು ಕಡುಬು ತಿನ್ನುತ್ತ, ಉಮೆಯೊದಲ್ಲಿ ಆಗಲೇ ಚಳಿ ಶುರುವಾಗಿದೆಯಂತೆ ಅಂದ. ನಾನು ಅವನನ್ನು ಚಪ್ಪಲಿ ಬಿಡುವ ಮೂಲೆಗೆ ಎಳೆದೊಯ್ದೆ. ಒಂದು ತಿಂಗಳು ಅವನನ್ನು ಇಟ್ಟುಕೊಂಡವನು ನಾನು, ಅವನ ಬೇಳೆ ತಿಂದವನು ನಾನು.

"ನಂಗಾದ್ರೂ ಹೇಳೋ. ನಿಂಗಾದ್ರೂ ಹೇಳಿದಾಳೋ ಇಲ್ವೋ?"

"ಹೇಳಿದಾಳೆ ಅಂಕಲ್. ಬಂದ ದಿನವೇ, ನಾನು ಕೇಳೋಕ್ ಮೊದಲೇ ಹೇಳಿದ್ಲು."

"ಯಾರಿಗೂ ಹೇಳ್ಬೇಡಿ ಅಂದಳಾ?"

"ಇಲ್ಲ. ಅದನ್ನ ಹೇಳಲಿಲ್ಲ." ಲಿಂಗರಾಜ ಚಪ್ಪಲಿಗಳ ರಾಶಿಯಲ್ಲಿ ಕಾಲಿನಿಂದ ತನ್ನದನ್ನು ಹುಡುಕತೊಡಗಿದ. "ಬೇಡ ಅಂದಿದ್ರೆ ಇಷ್ಟು ಹೊತ್ತಿಗೆ ಹೇಳಿಬಿಡ್ತಿದ್ದೆ. ಏನೂ ಅನ್ನದೆ ನನ್ನ ಮೇಲೇ ಬಿಟ್ಲು ನೋಡಿ, ಅದಕ್ಕೆ ಬಾಯೇ ಬರ್ತಿಲ್ಲ."